ಉಯ್ಯಾಲೆಯ ಬಲಮೂಲೆ

ಎಲ್ಲಕ್ಕೂ ಕಾರಣ ಅರ್ಧ ಖಾಖ್ರಾ.

ಭಾನುವಾರ ಬೆಳಗ್ಗೆ ಎಂಟೂವರೆಗೆ ಸುಬ್ಬರಾಯರು ಉಯ್ಯಾಲೆಯ ಮೇಲೆ ಕೂತು, ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಖಾಖ್ರಾ ಹಿಡಿದು, ವಾರಕ್ಕೊಂದೇ ಸಲ ಸಿಗುವ ಸುಖವನ್ನು ಅನುಭವಿಸುತ್ತಿದ್ದರು. ಖಾಖ್ರಾ ಎಂದರೆ ಸುಟ್ಟು ಸುಟ್ಟು ಹಪ್ಪಳದ ಹಾಗಾದ ಚಪಾತಿ. ಕಚ್ಚಿದರೆ ಅರ್ಧ ಬಾಯಿಗೆ, ಅರ್ಧ ನೆಲಕ್ಕೆ. ನೆಲಕ್ಕೆ ಬಿದ್ದ ಅರ್ಧವನ್ನು ಹೆಂಡತಿ ರಮಾಮಣಿ ನೋಡುವ ಮೊದಲೇ ಎತ್ತಿಬಿಡೋಣವೆಂದು ಅವರು ಬಲಗಡೆಗೆ ವಾಲಿದರು. ಉಯ್ಯಾಲೆಯೂ ವಾಲಿತು. ತಲೆಯ ಮೇಲೆ ಎಲ್ಲೋ 'ಟಣ್' ಎಂದಿತು.

ಸುಬ್ಬರಾಯರು ಕಣ್ಣೆತ್ತಿ ನೋಡಿದರು. ಉಯ್ಯಾಲೆಯ ಚೌಕಟ್ಟು ಬಾಗಿಲ ಚೌಕಟ್ಟಿನ ಹಾಗೆಯೇ: ಎರಡು ಪೈಪಿನ ಕಂಬ, ಮೇಲೊಂದು ಅಡ್ಡಪೈಪು, ಕೆಳಗೆ ಅಗಲವಾದ ಪಾದ. ಆ ಅಡ್ಡಪೈಪು ಬಲಗಂಬಕ್ಕೆ ಕೂಡುವ ಮೂಲೆಯಲ್ಲಿ ಈಗ ಒಂದು ಸಂದು ಬಾಯಿ ತೆರೆದು ಅವರನ್ನೇ ನೋಡಿ ನಗುತ್ತಿತ್ತು.

"ಅಪ್ಪಾ, ಝೂಲಾ ಟೂಟ್ ಆಯ್ತಾ?" ಎಂದಳು ಮಗಳು ಅಪೂರ್ವ, ಪುಸ್ತಕದಿಂದ ತಲೆಯೆತ್ತದೆ. ಅರಸೀಕೆರೆಯ ಕನ್ನಡ ಅಹಮದಾಬಾದಿನಲ್ಲಿ ಬೆಳೆದರೆ ಹೀಗಾಗುತ್ತದೆ.

"ಮೆತ್ತಗೆ ಮಾತಾಡೇ!"

ಮೆತ್ತಗೆ ಮಾತಾಡಬೇಕಾದ ಕಾರಣವಿತ್ತು. ಮನೆ ಅವರದಲ್ಲ, ಉಯ್ಯಾಲೆಯೂ ಅವರದಲ್ಲ. ಎರಡೂ ಸೂರತ್ತಿನ ವರಾಛಾದಲ್ಲಿ ವಜ್ರಕ್ಕೆ ಸಾಣೆ ಹಿಡಿಸುವ ಘನಶ್ಯಾಮಭಾಯಿಯದು. ಅವರು ಆವತ್ತೇ ಸಾಯಂಕಾಲ ಐದಕ್ಕೆ ಬಂದು ಬಾಡಿಗೆ ಕರಾರನ್ನು ಹೊಸದು ಮಾಡುವವರಿದ್ದರು. ಹಳೇ ಕರಾರಿನ ಮೊದಲನೇ ಷರತ್ತೇ 'ಹೀಂಚ್ಕೊವನ್ನು ಕೊಟ್ಟ ಸ್ಥಿತಿಯಲ್ಲೇ ಇಟ್ಟುಕೊಳ್ಳತಕ್ಕದ್ದು' ಎಂಬುದು. ಗುಜರಾತಿನಲ್ಲಿ ಉಯ್ಯಾಲೆಗೆ ಹಾಗೆನ್ನುತ್ತಾರೆ. ಅದಿಲ್ಲದ ಮನೆಯನ್ನು ಮನೆ ಎನ್ನುವುದಿಲ್ಲ. ಘನಶ್ಯಾಮಭಾಯಿಯಂತೂ ಫೋನ್ ಮಾಡಿದಾಗಲೆಲ್ಲ ಮೊದಲು ಕೇಳುವುದು "ಹೀಂಚ್ಕೊ ಹೇಗಿದೆ?" ಅಂತ, ಆಮೇಲೆ "ನೀವೆಲ್ಲ ಹೇಗಿದ್ದೀರಿ?" ಅಂತ. ಕಳೆದ ವರ್ಷ ಸುಬ್ಬರಾಯರಿಗೆ ಡೆಂಗಿ ಬಂದು ಆಸ್ಪತ್ರೆಯಲ್ಲಿದ್ದಾಗಲೂ ಕ್ರಮ ಬದಲಾಗಲಿಲ್ಲ.

ಕರಾರು ಕೈತಪ್ಪಿದರೆ ತಿಂಗಳೊಳಗೆ ಮನೆ ಖಾಲಿ. ಅಪೂರ್ವಳ ಹತ್ತನೇ ಕ್ಲಾಸಿನ ಪರೀಕ್ಷೆಗೆ ಇನ್ನು ಹದಿನೆಂಟು ದಿನ. ಅವಳ ಶಾಲೆ, ಟ್ಯೂಷನ್ ಎರಡೂ ಇದೇ ಸ್ಯಾಟಲೈಟ್ ಬಡಾವಣೆಯ ಇದೇ ಗಲ್ಲಿಯಲ್ಲಿ.

"ಈಗ ಮನೆ ಬದಲಾಯಿಸೋದಾದ್ರೆ ನಾನು ಸಾಮಾನು ಕಟ್ಟಲ್ಲ, ನಿಮ್ಮನ್ನ ಕಟ್ಟಿ ಇಲ್ಲೇ ಬಿಟ್ಟು ಹೋಗ್ತೀನಿ" ಎಂದು ರಮಾಮಣಿ ವಾರದ ಹಿಂದೆಯೇ ಹೇಳಿದ್ದರು. ಈಗ ಅವರು ಅಡುಗೆಮನೆಯಿಂದ ಬಂದು, ಸಂದನ್ನೊಮ್ಮೆ, ಗಂಡನನ್ನೊಮ್ಮೆ, ನೆಲದ ಖಾಖ್ರಾವನ್ನೊಮ್ಮೆ ನೋಡಿದರು. ಮೂರೂ ಒಂದೇ ಮುರುಕು ಎನ್ನುವಂತಿತ್ತು ನೋಟ.

ಅಷ್ಟರಲ್ಲಿ ಬಾಗಿಲು ತಾನಾಗಿ ತೆರೆದುಕೊಂಡಿತು. ಪಕ್ಕದ ಮನೆಯ ಭಾನುಬೆನ್ ಗೋಡೆಯಾಚೆಯ ಸಾಸಿವೆ ಸಿಡಿದರೂ ಕೇಳಿಸಿಕೊಳ್ಳುವವರು. 'ಟಣ್' ಕೇಳಿಸದೆ ಇರುತ್ತದೆಯೇ?

"ಹೀಂಚ್ಕೊ ಮುರಿದ್ರಾ? ಹಾಯ್ ಹಾಯ್! ಘನಶ್ಯಾಮಭಾಯಿ ಇವತ್ತೇ ತಾನೆ ಬರೋದು?"

"ಇಲ್ಲ ಭಾನುಬೆನ್, ಏನಿಲ್ಲ..."

ಆದರೆ ಭಾನುಬೆನ್ ಆಗಲೇ ಮೆಟ್ಟಿಲ ಬಳಿ ನಿಂತು ಕೂಗಿದ್ದಾಗಿತ್ತು. ಮೂರನೇ ನಿಮಿಷಕ್ಕೆ ಕಟ್ಟಡದ ಸೊಸೈಟಿಯ ಸೆಕ್ರೆಟರಿ ಹಸ್ಮುಖಭಾಯಿ ಏದುಸಿರು ಬಿಡುತ್ತಾ ನಾಲ್ಕನೇ ಮಹಡಿಗೆ ಹತ್ತಿ ಬಂದರು. ಬಟ್ಟೆ ಮಿಲ್ಲಿನಲ್ಲಿ ಮೂವತ್ತು ವರ್ಷ ಥಾನು ಮಡಿಸುವ ವಿಭಾಗದ ಮೇಲ್ವಿಚಾರಕರಾಗಿದ್ದು ನಿವೃತ್ತರಾದ ಮೇಲೆ ಅವರಿಗೆ ಮಡಿಸಲು ಉಳಿದಿದ್ದು ಸೊಸೈಟಿಯ ಜನರು ಮಾತ್ರ.

"ಅರೇ ಸುಬ್ಬುಭಾಯಿ, ನಿಮ್ಮ ಮನೇಲೇ ಹೀಗಾದ್ರೆ ಹೇಗೆ? ನೀವು ರೈಲ್ವೆಯವರು. ರೈಲ್ವೆ ಅಂದಮೇಲೆ ಕಬ್ಬಿಣ!"

ಸುಬ್ಬರಾಯರು ರೈಲ್ವೆಯ ಪಾಸ್ ವಿಭಾಗದಲ್ಲಿ ಸೂಪರಿಂಟೆಂಡೆಂಟ್. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಅವರು ಮುಟ್ಟಿದ ಕಬ್ಬಿಣವೆಂದರೆ ಸ್ಟೇಪ್ಲರ್ ಪಿನ್ನು. ಇದನ್ನು ಅವರು ಸೊಸೈಟಿಯಲ್ಲಿ ಎಂಟು ಸಲ ವಿವರಿಸಿದ್ದರು; ಎಂಟು ಸಲವೂ ಜನ ಅದನ್ನು ವಿನಯ ಎಂದುಕೊಂಡಿದ್ದರು.

ಭೀಖಾಭಾಯಿ ಎಂಬ ವೆಲ್ಡರನ್ನು ಕರೆಸುವುದೆಂದು ಹಸ್ಮುಖಭಾಯಿಯೇ ತೀರ್ಮಾನಿಸಿದರು. ಮನೆಯೊಳಗೆ ಕಿಡಿ ಹಾರಿಸಲು ರಮಾಮಣಿ ಒಪ್ಪಲಿಲ್ಲವಾಗಿ ಚೌಕಟ್ಟನ್ನು ತಾರಸಿಗೆ ಸಾಗಿಸಬೇಕಾಯಿತು. ಮೆಟ್ಟಿಲ ತಿರುವಿನಲ್ಲಿ ಅದು ಸಿಕ್ಕಿಕೊಂಡಿತು. ಹಸ್ಮುಖಭಾಯಿ "ನನ್ನ ಕಡೆಗೆ" ಎಂದರು, ಭಾನುಬೆನ್ "ಗೋಡೆ ಕಡೆಗೆ" ಎಂದರು. ಚೌಕಟ್ಟಿನ ಒಳಗೆ ತಲೆ ತೂರಿಸಿಕೊಂಡಿದ್ದ ಸುಬ್ಬರಾಯರು "ನನ್ನ ಕುತ್ತಿಗೆ" ಎಂದರು. ಆ ಗದ್ದಲದಲ್ಲಿ ಉಯ್ಯಾಲೆಯ ಎಡಮೂಲೆ ಗೋಡೆಗೆ ತಾಗಿ ಬೂದುಬಣ್ಣದ ಚಕ್ಕೆಯೊಂದು ಉದುರಿತು. "ಹಳೇ ಪೇಂಟು" ಎಂದು ರಮಾಮಣಿ ಗುಡಿಸಿ ಹಾಕಿದರು.

ತಾರಸಿಯ ತುಂಬ ಭಾನುಬೆನ್ ಅಕ್ಕಿಹಿಟ್ಟಿನ ಹಪ್ಪಳ ಒಣಹಾಕಿದ್ದರು. ಆ ಹಪ್ಪಳದ ಸಮುದ್ರದ ನಡುವೆ ದ್ವೀಪದಂತೆ ನಿಂತಿತ್ತು ಸೊಸೈಟಿಯ ನೀರಿನ ಟ್ಯಾಂಕು, ಹತ್ತು ಸಾವಿರ ಲೀಟರಿನದು, ಎತ್ತರದ ಕಬ್ಬಿಣದ ಕಾಲುಗಳ ಮೇಲೆ. ಸರಿಯಾಗಿ ಅದರ ಕೆಳಗೇ ಸುಬ್ಬರಾಯರ ಮನೆ.

ಭೀಖಾಭಾಯಿ ಬಂದವನು ಮೊದಲು ಆ ಟ್ಯಾಂಕಿನ ಕಾಲನ್ನು ಮಗನ ಬೆನ್ನು ತಟ್ಟುವ ಹಾಗೆ ತಟ್ಟಿದ. "ನನ್ನ ಕೈಯದ್ದೇ ಸಾಹೇಬ್. ಹನ್ನೆರಡು ವರ್ಷ ಆಯ್ತು. ನೋಡಿ, ಒಂದೊಂದು ಜಾಯಿಂಟ್ ಮೇಲೂ ಎಂಥ ಉಬ್ಬು! ಉಬ್ಬಿದೆ ಅಂತಲೇ ನಿಂತಿದೆ."

"ಅಸಹ್ಯವಾಗಿದೆ" ಎಂದರು ಹಸ್ಮುಖಭಾಯಿ. "ಹನ್ನೆರಡು ವರ್ಷದಿಂದ ನೋಡ್ತಾ ಇದೀನಿ. ಗೆಣಸಿನ ಮೂಟೆ ಇದ್ದಂಗಿದೆ."

ಭೀಖಾಭಾಯಿ ಉಯ್ಯಾಲೆಯ ಬಲಮೂಲೆ ನೋಡಿದ, ನೆರೆದವರ ಮುಖಗಳನ್ನೂ ನೋಡಿದ. "ಎಲ್ರೂ ಆ ಕಡೆ ತಿರುಗಿ ನಿಂತ್ಕೊಳ್ಳಿ. ಈ ಬೆಳಕು ನೋಡಿದ್ರೆ ಕಣ್ಣಿಗೆ ಮರಳು ಸುರಿದಂಗಾಗ್ತದೆ. ನಾನು ಹೇಳೋ ತನಕ ತಿರುಗಬಾರ್ದು."

ಎಲ್ಲರೂ ಸಾಲಾಗಿ ಬೆನ್ನು ಮಾಡಿ ನಿಂತರು. ಎದುರಿನ ಕಟ್ಟಡದ ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಸಂಸಾರವೊಂದು, ನಾಲ್ಕು ಜನ ಕದಲದೆ ತಮ್ಮನ್ನೇ ದಿಟ್ಟಿಸುವುದನ್ನು ಕಂಡು ಗಾಬರಿಗೊಂಡಿತು. ಕೊನೆಗೆ ಮರ್ಯಾದೆಗಾಗಿ ಕೈಬೀಸಿತು. ಇವರೂ ಬೀಸಿದರು. ಬೆನ್ನ ಹಿಂದೆ ಏನೋ ಕೊಯ್ಯುವ ಸದ್ದು, ಸುತ್ತಿಗೆಯ ಟಕ್ ಟಕ್, ಆಮೇಲೆ ಚಿರ್ರ್ ಚಿರ್ರ್. ಮುಕ್ಕಾಲು ಗಂಟೆ ಕಳೆಯುವ ಹೊತ್ತಿಗೆ ಎದುರಿನ ಸಂಸಾರದ ಜೊತೆ ಸನ್ನೆಯಲ್ಲೇ ಊಟದ ವಿಚಾರದವರೆಗೆ ಸ್ನೇಹ ಬೆಳೆದಿತ್ತು.

"ಆಯ್ತು, ತಿರುಗಿ."

ಬಲಮೂಲೆ ಒಂದಾಗಿತ್ತು. ಆದರೆ ಅದರ ಸುತ್ತ ಬೆಲ್ಲದ ಪಾಕ ಉಕ್ಕಿ ಹೆಪ್ಪುಗಟ್ಟಿದ ಹಾಗೆ ದಪ್ಪನೆಯ ಉಬ್ಬು.

"ಇದನ್ನ ಘನಶ್ಯಾಮಭಾಯಿಗೆ ತೋರಿಸ್ತೀರಾ?" ಹಸ್ಮುಖಭಾಯಿ ಹಣೆ ಚಚ್ಚಿಕೊಂಡರು. "ಆ ಮನುಷ್ಯ ಮಾವಿನಹಣ್ಣು ಕೊಂಡರೂ ಭೂತಗನ್ನಡಿ ಇಟ್ಟು ನೋಡ್ತಾನೆ. ಉಜ್ಜಿ! ಗ್ರೈಂಡರ್ ಹಾಕಿ ಪೈಪಿನ ಮಟ್ಟಕ್ಕೆ ನುಣ್ಣಗೆ ಉಜ್ಜಿಬಿಡಿ."

ಭೀಖಾಭಾಯಿ ಎರಡು ಹೆಜ್ಜೆ ಹಿಂದೆ ಸರಿದ. "ಸಾಹೇಬ್, ಈ ಪೈಪು ತೆಳು. ವೆಲ್ಡ್ ಒಳಗಿಳಿದಿರೋದು ಅರ್ಧ, ಇನ್ನರ್ಧ ಹೊರಗೆ ಉಬ್ಬಾಗಿ ಕೂತಿದೆ. ಹೊರಗಿನದನ್ನ ಕೆರೆದು ಹಾಕಿದ್ರೆ ಶಕ್ತಿಯೆಲ್ಲಿ ಉಳೀತು?"

ಸುಬ್ಬರಾಯರಿಗೆ ಇದು ಸರಿಯೆನಿಸಿತು. "ಅಲ್ಲಾ ಹಸ್ಮುಖಭಾಯಿ, ಎಡಮೂಲೇಲೂ ಹಿಂಗೇ ಒಂದು ಉಬ್ಬಿದೆಯಲ್ಲ? ಎರಡೂ ಕಡೆ ಇದ್ರೆ ಜೋಡಿ ಅನ್ನಿಸುತ್ತೆ."

"ಅದು ಅವರಮ್ಮನ ಕಾಲದ್ದು. ಹಳೇ ಉಬ್ಬಿಗೆ ಗೌರವ ಇದೆ. ಹೊಸ ಉಬ್ಬು ಸಾಕ್ಷಿ ಹೇಳುತ್ತೆ. ಮತ್ತೆ ನೀವೇ ರೈಲ್ವೆಯವರು ಹಿಂಗಂದ್ರೆ ಹೆಂಗ್ರೀ? ಹಳಿಗೆ ಹಳಿ ಬೆಸೆದು ನೀವು ಉಜ್ಜೋದಿಲ್ವಾ? ಉಜ್ಜಿದ ಹಳಿ ಮೇಲೆ ಇಡೀ ರೈಲು ಹೋಗುತ್ತೆ. ಭಾನುಬೆನ್ ಏನು ರೈಲಿಗಿಂತ ಭಾರನಾ?"

"ಹಸ್ಮುಖಭಾಯಿ!" ಎಂದರು ಭಾನುಬೆನ್.

"ಹಳಿ ಬೇರೆ ಸಾಹೇಬ್" ಎಂದ ಭೀಖಾಭಾಯಿ. "ಅದು ಗಟ್ಟಿ ಕಬ್ಬಿಣ, ಒಳಗಿಂದ ಹೊರಗಿನವರೆಗೆ ಪೂರ್ತಿ ಕರಗಿ ಒಂದಾಗಿರ್ತದೆ. ಮೇಲಿಂದು ಉಜ್ಜಿದ್ರೂ ನಷ್ಟ ಇಲ್ಲ. ಇದು ಪೈಪಿನ ಮೂಲೆ. ಇಲ್ಲಿ ಉಬ್ಬೇ ಬಲ."

ಹಸ್ಮುಖಭಾಯಿ ಸುಬ್ಬರಾಯರ ಕಡೆ ತಿರುಗಿದರು. "ನೀವು ಹೇಳಿ. ರೈಲ್ವೆ ಏನು ಹೇಳುತ್ತೆ?"

ರೈಲ್ವೆ ಹೆಂಡತಿಯ ಮುಖ ನೋಡಿತು. ರಮಾಮಣಿ ಗಡಿಯಾರ ತೋರಿಸಿದರು. ಹನ್ನೆರಡೂವರೆ.

"ಉಜ್ಜೋದಾದ್ರೆ ನೀವೇ ಉಜ್ಜಿ, ನನಗೆ ಆ ಪಾಪ ಬೇಡ" ಎಂದು ಭೀಖಾಭಾಯಿ ಗ್ರೈಂಡರನ್ನೂ ದಪ್ಪ ಕನ್ನಡಕವನ್ನೂ ನೆಲದ ಮೇಲಿಟ್ಟ. "ಸಾಯಂಕಾಲ ಬಂದು ಮೆಷಿನ್ ತಗೊಂಡ್ಹೋಗ್ತೀನಿ." ಹೋಗುವಾಗ ಅವನು ಒಮ್ಮೆ ತಿರುಗಿ ನೋಡಿ ನಕ್ಕಂತಿತ್ತು, ಆ ನಗು ಯಾಕೆಂದು ಯಾರೂ ಕೇಳಲಿಲ್ಲ.

ಗ್ರೈಂಡರ್ ಶುರುವಾದೊಡನೆ ಹಗ್ಗ ಕಿತ್ತ ಹೋರಿಕರುವಿನಂತೆ ಸುಬ್ಬರಾಯರನ್ನು ಎಳೆದುಕೊಂಡು ಹೊರಟಿತು. ಮೊದಲ ಸುತ್ತಿಗೆ ಟ್ಯಾಂಕಿನ ಕಾಲ ಬಳಿ ಹೋಗಿ ಬಂದರು. ಎರಡನೇ ಸುತ್ತಿಗೆ ತಮ್ಮ ಬನಿಯನ್ನಿನ ಅಂಚು ಕಳೆದುಕೊಂಡರು. ಮೂರನೆಯದಕ್ಕೆ ಉಬ್ಬು ಸಿಕ್ಕಿತು. ಕಿಡಿ ದೀಪಾವಳಿಯ ಹಾಗೆ ಹಾರಿತು. ಕಪ್ಪು ಪುಡಿ ಗಾಳಿಗೆ ತೇಲಿ ಹಪ್ಪಳಗಳ ಮೇಲೆ ಕೂತಿತು.

"ನನ್ನ ಹಪ್ಪಳ!"

"ಕಬ್ಬಿಣದಂಶ ಭಾನುಬೆನ್, ರಕ್ತಕ್ಕೆ ಒಳ್ಳೇದು" ಎಂದರು ಹಸ್ಮುಖಭಾಯಿ. "ಸುಬ್ಬುಭಾಯಿ, ಇನ್ನೂ ಸ್ವಲ್ಪ. ಬೆರಳಾಡಿಸಿದ್ರೆ ಗೊತ್ತಾಗಬಾರದು. ಹಾಂ, ಇನ್ನೂ."

ಎರಡೂವರೆಯ ಹೊತ್ತಿಗೆ ಉಬ್ಬು ಹೋಗಿ ಬಲಮೂಲೆ ಮಗುವಿನ ಕೆನ್ನೆಯಂತಾಯಿತು. ಪೇಂಟು ಬಳಿದರು. ಒಣಗಿದ ಮೇಲೆ ಎಲ್ಲಿ ಮುರಿದಿತ್ತೆಂದು ಮುರಿದವರಿಗೇ ತಿಳಿಯದಂತಾಯಿತು. ಚೌಕಟ್ಟು ಕೆಳಗಿಳಿದು ತನ್ನ ಜಾಗದಲ್ಲಿ ನಿಂತಿತು, ಗ್ರೈಂಡರ್ ಬಾಗಿಲ ಬಳಿ ಕೂತಿತು.

ಎಲ್ಲರೂ ಹೋದ ಮೇಲೆ ಸುಬ್ಬರಾಯರು ಉಯ್ಯಾಲೆಯ ಮುಂದೆ ಕೈಕಟ್ಟಿ ನಿಂತರು. "ರಮಾ, ಇದ್ರ ಶಕ್ತಿಯೆಲ್ಲ ನಾನೇ ಉಜ್ಜಿ ತೆಗೆದಿದ್ದೀನಿ ಕಣೇ. ಆ ಮನುಷ್ಯ ಕೂತು ಬಿದ್ರೆ?"

"ನೀವು ಒಂದ್ಸಲ ಕೂತು ನೋಡಿ."

"ನಾನು ಬಿದ್ರೆ?"

"ನೀವು ಬಿದ್ರೆ ಕರಾರು ಹಾಳಾಗಲ್ಲ" ಎಂದರು ರಮಾಮಣಿ. ಆದರೂ ಉಪಾಯ ಹೊಳೆದಿದ್ದು ಅವರಿಗೇ. ಹಪ್ಪಳ ಹರವಿದ ಜಾಗದಲ್ಲಿ ಈ ಊರಿನ ಯಾವ ಮನುಷ್ಯನೂ ಕೂರುವುದಿಲ್ಲ. ಭಾನುಬೆನ್‌ರಿಂದ ನಲವತ್ತು ಹಪ್ಪಳ ತಂದು, ಕಪ್ಪು ಕಾಣದಂತೆ ಮಗುಚಿ, ಉಯ್ಯಾಲೆಯ ಹಲಗೆಯ ಮೇಲೆ ಒತ್ತಾಗಿ ಹರವಿದರು.

ಐದು ಗಂಟೆಗೆ ಸರಿಯಾಗಿ ಘನಶ್ಯಾಮಭಾಯಿ ಬಂದರು. ಬೆಂಕಿಕಡ್ಡಿಯಂಥ ಮೈ, ಬಿಳೀ ಅಂಗಿ, ಕೊರಳಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ಭೂತಗನ್ನಡಿ. ಹಿಂದೆಯೇ, ಕರೆಯದೆ, ಹಸ್ಮುಖಭಾಯಿ, ಭಾನುಬೆನ್, ಭಾನುಬೆನ್‌ರ ಗಂಡ.

"ಹೀಂಚ್ಕೊ ಹೇಗಿದೆ?"

"ಚೆನ್ನಾಗಿದೆ ಸರ್. ನಾವೂ ಚೆನ್ನಾಗಿದ್ದೀವಿ."

ಘನಶ್ಯಾಮಭಾಯಿ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು ಎಡಮೂಲೆಯ ಬಳಿ ಹೋದರು. ಅಲ್ಲಿ ಬಹಳ ಹೊತ್ತು ನಿಂತರು. ಹಣೆಯ ಬೆವರೊರೆಸಿಕೊಂಡು ಬಲಮೂಲೆಗೆ ಬಂದರು.

"ವಾಹ್!" ಎಂದರು ಘನಶ್ಯಾಮಭಾಯಿ. "ಈ ಕಡೆ ಎಷ್ಟು ನುಣುಪು! ಇಷ್ಟು ವರ್ಷ ನಾನೇ ಗಮನಿಸಿರಲಿಲ್ಲ." ಅವರ ಮುಖ ಅರಳಿತು. ಚೀಲದಿಂದ ಕರಾರಿನ ಕಾಗದ ತೆಗೆದರು. "ಹಪ್ಪಳ ಸ್ವಲ್ಪ ಸರಿಸಿ ಬೆನ್. ಅಮ್ಮನ ಹೀಂಚ್ಕೊ ಮೇಲೆ ಕೂತೇ ಸಹಿ ಹಾಕ್ತೀನಿ. ನಿಧಾನಕ್ಕೆ, ಮಧ್ಯದಲ್ಲಿ ಕೂತ್ರೆ ಆಯ್ತು."

ಇನ್ನೊಂದು ನಿಮಿಷ ಸುಮ್ಮನಿದ್ದಿದ್ದರೆ ಸಹಿ ಬೀಳುತ್ತಿತ್ತು. ಸಹಿಯ ಜೊತೆ ಘನಶ್ಯಾಮಭಾಯಿಯೂ ಬೀಳುತ್ತಿದ್ದರು. ಅರವತ್ತೆಂಟರ ಸೊಂಟ. ಸುಬ್ಬರಾಯರು ಅಪೂರ್ವಳ ಪುಸ್ತಕಗಳ ಕಡೆ ನೋಡಿದರು, ಆ ಸೊಂಟದ ಕಡೆ ನೋಡಿದರು, ಕಣ್ಣು ಮುಚ್ಚಿದರು.

"ಕೂರಬೇಡಿ ಸರ್! ಬಲಮೂಲೆ ಬೆಳಗ್ಗೆ ಮುರೀತು. ನಾನೇ ಮುರಿದೆ. ಬೆಸುಗೆ ಹಾಕ್ಸಿ, ಕಾಣದಿರ್ಲಿ ಅಂತ ಉಬ್ಬು ಉಜ್ಜಿಬಿಟ್ಟೆ. ಈಗ ಅದ್ರಲ್ಲಿ ಶಕ್ತಿಯಿಲ್ಲ."

ರಮಾಮಣಿ ಕೂತುಕೊಂಡರು, ಕುರ್ಚಿಯ ಮೇಲೆ.

ಘನಶ್ಯಾಮಭಾಯಿ ಮತ್ತೆ ಭೂತಗನ್ನಡಿ ಹಿಡಿದರು. "ಸುಳ್ಳು. ಮೂವತ್ತೈದು ವರ್ಷ ವಜ್ರ ನೋಡಿದ ಕಣ್ಣಿದು. ಇಲ್ಲಿ ಜಾಯಿಂಟೇ ಇಲ್ಲ."

"ಇದೆ ಸರ್!"

"ಇದೆ, ಆದ್ರೆ ಗಟ್ಟಿಯಾಗಿದೆ!" ಹಸ್ಮುಖಭಾಯಿಗೆ ತಮ್ಮ ಸಲಹೆಯ ಮಾನ ಹೋಗುತ್ತಿರುವುದು ಸಹಿಸಲಾಗಲಿಲ್ಲ. "ಉಜ್ಜಿದ್ರೆ ಗಟ್ಟಿ. ಹಳಿ ನೋಡಿ, ರೈಲು ನೋಡಿ. ಬನ್ನಿ, ತೋರಿಸೇಬಿಡ್ತೀನಿ." ಹಪ್ಪಳಗಳನ್ನು ಒಂದೇ ಬೀಸಿಗೆ ಸರಿಸಿ ದೊಪ್ಪನೆ ಕೂತರು. ಏನೂ ಆಗಲಿಲ್ಲ. "ಭಾನುಬೆನ್, ಬನ್ನಿ! ನಿಮ್ಮವರನ್ನೂ ಕರ್ಕೊಳ್ಳಿ!"

"ಒಟ್ಟಿಗೆ ಬೇಡ!" ಘನಶ್ಯಾಮಭಾಯಿಯ ಮುಖ ಸುಣ್ಣವಾಯಿತು. "ಒಬ್ಬೊಬ್ಬರೇ... ಎಡಗಡೆ ಯಾರೂ... ಅರೇ, ಎಡಗಡೆ ಬೇಡಾಂದ್ರೆ!"

ಎಡಗಡೆ ಬೇಡವೇಕೆಂದು ಯಾರೂ ಕೇಳಲಿಲ್ಲ. ಬೆಳಗ್ಗಿನಿಂದ ರೈಲಿನ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ ಭಾನುಬೆನ್ ಎಡಗಡೆಗೇ ಕೂತರು. ಗಂಡ ನಡುವೆ ತುರುಕಿಕೊಂಡರು. ಸುಬ್ಬರಾಯರು ಓಡಿಹೋಗಿ ಬಲಗಂಬವನ್ನು ಎರಡೂ ಕೈಯಲ್ಲಿ ತಬ್ಬಿ, ಕಣ್ಣು ಬಿಗಿಯಾಗಿ ಮುಚ್ಚಿ, ಊರಿನ ದೇವರನ್ನೆಲ್ಲ ಹೆಸರು ಹಿಡಿದು ಕರೆದರು. ಹಸ್ಮುಖಭಾಯಿ ಕಾಲಿನಿಂದ ನೆಲ ಮೀಟಿದರು. ಉಯ್ಯಾಲೆ ಹಿಂದೆ ಹೋಯಿತು, ಮುಂದೆ ಬಂತು, ಹಿಂದೆ ಹೋಯಿತು.

ಧಡಾರ್!

ಸುಬ್ಬರಾಯರು ಕಣ್ಣು ಬಿಟ್ಟಾಗ ತಾವು ತಬ್ಬಿದ್ದ ಕಂಬ ನೆಟ್ಟಗೆ ನಿಂತಿತ್ತು. ಬಲಮೂಲೆಗೆ ಒಂದು ಗೀರೂ ಇರಲಿಲ್ಲ. ಎಡಗಂಬ ಮಾತ್ರ ಕಳಚಿಕೊಂಡು ಗೋಡೆಗೆ ಒರಗಿತ್ತು. ನೆಲದ ಮೇಲೆ ಮೂವರು ಹಪ್ಪಳದ ಚೂರುಗಳ ನಡುವೆ ಕೂತಿದ್ದರು. ಎಡಮೂಲೆಯ ಗೌರವಾನ್ವಿತ ಹಳೇ ಉಬ್ಬು ಬೂದುಬಣ್ಣದ ಹೆಂಟೆಯಾಗಿ ಭಾನುಬೆನ್‌ರ ಮಡಿಲಲ್ಲಿ ಬಿದ್ದಿತ್ತು.

ಅವರು ಅದನ್ನು ಬೆರಳಲ್ಲಿ ಹಿಸುಕಿದರು. ಪುಡಿಯಾಯಿತು. "ಇದು ಕಬ್ಬಿಣ ಅಲ್ಲ. ಪುಟ್ಟಿ! ಕಿಟಕಿ ಗಾಜಿಗೆ ಮೆತ್ತೋ ಪುಟ್ಟಿ!"

ಘನಶ್ಯಾಮಭಾಯಿ ಭೂತಗನ್ನಡಿಯನ್ನು ಅಂಗಿಯೊಳಗೆ ಬಿಟ್ಟುಕೊಂಡರು.

"ನೀವು ಬರೋ ಮುಂಚೆ, ಉತ್ತರಾಯಣದ ಹಬ್ಬದ ದಿನ, ಇದರ ಮೇಲೆ ನಿಂತು ಕಿಟಕಿ ಸರಳಿಗೆ ಸಿಕ್ಕಿಕೊಂಡಿದ್ದ ಗಾಳಿಪಟ ಬಿಡಿಸಿಕೊಳ್ಳೋಕೆ ಹೋಗಿದ್ದೆ" ಎಂದರು ಸಣ್ಣ ದನಿಯಲ್ಲಿ. "ಬಿರುಕು ಬಿಡ್ತು. ಅಮ್ಮನ ಹೀಂಚ್ಕೊ ಮುರಿದೆ ಅಂತ ಮನೇಲಿ ಹೇಳೋದು ಹೇಗೆ? ಪುಟ್ಟಿ ಮೆತ್ತಿ, ಬೆಸುಗೆ ಥರ ಉಬ್ಬಿಸಿ, ಪೇಂಟು ಹೊಡೆದೆ. ಆವತ್ತಿಂದ ಯಾರು ಬೀಳ್ತಾರೋ ಅಂತ ನಿದ್ದೆಯಿಲ್ಲ ನನಗೆ. ಅದಕ್ಕೇ ಫೋನಲ್ಲಿ ಮೊದಲು ಅದನ್ನೇ ಕೇಳ್ತಿದ್ದೆ."

ಸುಬ್ಬರಾಯರು "ಕಾಫಿ ಕುಡೀತೀರಾ?" ಎಂದರು.

ಘನಶ್ಯಾಮಭಾಯಿಯ ಕಣ್ಣು ತುಂಬಿತು. "ನೀವು ಮುರಿದಿದ್ದನ್ನ ನೀವೇ ಬಾಯ್ಬಿಟ್ಟು ಹೇಳಿದ್ರಿ. ನಾನು ಎರಡು ವರ್ಷ ಮುಚ್ಚಿಟ್ಟೆ. ನಿಮ್ಮಂಥವರು ಮನೆ ಬಿಡಬಾರದು." ಕಾಗದದಲ್ಲಿ 'ಹನ್ನೊಂದು ತಿಂಗಳು' ಎಂದಿದ್ದನ್ನು ಹೊಡೆದು 'ಮೂರು ವರ್ಷ' ಎಂದು ಬರೆದರು, ನಡುವೆ ಯಾರೂ ಬಿಡುವಂತಿಲ್ಲ ಎಂದೂ ಸೇರಿಸಿದರು. ಇಬ್ಬರೂ ಸಹಿ ಹಾಕಿದರು. ರಮಾಮಣಿ ಮದುವೆಯಾದ ಮೇಲೆ ಮೊದಲ ಸಲ ಗಂಡನಿಗೆ ಕೇಳದೆಯೇ ಎರಡನೇ ಕಾಫಿ ಕೊಟ್ಟರು.

ಈ ಸಂತೋಷದಲ್ಲಿ, ಸೊಂಟ ನೀವಿಕೊಳ್ಳುತ್ತಾ ಎದ್ದ ಹಸ್ಮುಖಭಾಯಿಯ ಮುಖದ ತೇಜಸ್ಸನ್ನು ಯಾರೂ ಗಮನಿಸಲಿಲ್ಲ.

"ನೋಡಿದ್ರಾ? ಉಜ್ಜಿದ್ದು ನಿಂತಿತು. ಉಬ್ಬಿದ್ದು ಬಿತ್ತು. ಇನ್ನೇನು ಬೇಕು ರುಜುವಾತು?" ಎಂದವರೇ ಬಾಗಿಲ ಬಳಿಯಿದ್ದ ಗ್ರೈಂಡರನ್ನು ಎತ್ತಿಕೊಂಡು ಹೊರಟರು. ಭಾನುಬೆನ್‌ರ ಗಂಡ ವಯರು ಹಿಡಿದು ಹಿಂದೆ ನಡೆದರು.

ಘನಶ್ಯಾಮಭಾಯಿ ಸೂರತ್ತಿನ ಬಸ್ಸಿಗೆ ಹೋದರು. ಆರೂವರೆಗೆ ಭೀಖಾಭಾಯಿ ಬಂದ.

"ಸಾಹೇಬ್, ನನ್ನ ಮೆಷಿನ್?"

"ಹಸ್ಮುಖಭಾಯಿ ಹತ್ರ ಇದೆ. ಬಾರಪ್ಪ, ಕಾಫಿ ಕುಡಿ. ಅಲ್ಲ, ನೀನು ಹೆದರಿಸಿದ್ದೇ ಹೆದರಿಸಿದ್ದು. ಉಜ್ಜಿದ್ರೂ ಬಲಮೂಲೆ ಅಲ್ಲಾಡ್ಲಿಲ್ಲ ನೋಡು!"

ಭೀಖಾಭಾಯಿ ನಕ್ಕ. "ಹೆಂಗೆ ಅಲ್ಲಾಡ್ತದೆ ಸಾಹೇಬ್? ನೀವು ಉಜ್ಜೇ ಉಜ್ತೀರಿ ಅಂತ ಮುಖ ನೋಡಿದಾಗ್ಲೇ ಗೊತ್ತಾಯ್ತು. ನೀವೆಲ್ಲ ಆ ಕಡೆ ತಿರುಗಿದ್ದಾಗ ಗಟ್ಟಿ ಸಲಾಕೆ ಮೂಲೆಗೆ ಬಗ್ಗಿಸಿ ಪೈಪಿನೊಳಗೆ ಕೂರಿಸಿದೆ. ಎರಡೂ ಕಡೆ ತೂತು ಕೊರೆದು ಬೆಸೆದೆ. ಭಾರ ಹೊತ್ತಿರೋದು ಅದು. ಹೊರಗಿನದು ಬರೀ ಅಲಂಕಾರ." ಕಾಫಿಯ ಲೋಟ ಕೆಳಗಿಟ್ಟ. "ಎಲ್ಲಾ ಕಡೆ ಹಂಗೆ ಮಾಡೋಕೆ ಆಗಲ್ಲ ಬಿಡಿ. ಈಗ ಆ ನೀರಿನ ಟ್ಯಾಂಕಿನ ಕಾಲು... ಅದಕ್ಕೆ ಒಳಗೆ ಏನೂ ಇಲ್ಲ. ಉಬ್ಬೇ ಎಲ್ಲ."

ಆಗ ನೆತ್ತಿಯ ಮೇಲೆ ಗುರ್ರ್ ಎಂದು ಸದ್ದೆದ್ದಿತು. ಸುಣ್ಣದ ಪುಡಿ ಕಾಫಿಗೆ ಉದುರಿತು.

ಸುಬ್ಬರಾಯರು ಮೆಟ್ಟಿಲನ್ನು ಎರಡೆರಡಾಗಿ ಹಾರಿದರು. ತಾರಸಿಯ ಬಾಗಿಲಿಗೆ ಆಚೆಯಿಂದ ಚಿಲಕ. ಮಿಕ್ಕ ಹಪ್ಪಳಗಳನ್ನು ಮೆಟ್ಟಿಲ ಮೇಲೆ ಹರವಿಕೊಂಡು ಭಾನುಬೆನ್ ಕಾವಲು ಕೂತಿದ್ದರು. "ಪುಡಿ ಬೀಳದಿರಲಿ ಅಂತ ನಾನೇ ಹಾಕ್ಸಿದ್ದು. ಮೆಟ್ಟಬೇಡಿ!"

ಅವರು ಬಾಗಿಲು ಬಡಿದರು. ಗ್ರೈಂಡರಿನ ಸದ್ದು ದೊಡ್ಡದಿತ್ತು. ಹಸ್ಮುಖಭಾಯಿಗೆ ಫೋನ್ ಮಾಡಿದರು. ಅದು ಕೆಳಗೆ, ಸುಬ್ಬರಾಯರ ಮನೆಯಲ್ಲೇ, ಮುರಿದ ಉಯ್ಯಾಲೆಯ ಹಲಗೆಯ ಅಡಿಯಲ್ಲಿ ಭಜನೆಯ ಧಾಟಿಯಲ್ಲಿ ಹಾಡತೊಡಗಿತು. ಗ್ರೈಂಡರಿನ ಸದ್ದು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹೋಯಿತು. ಹಿಂದೆಯೇ ಕೆಳಗಿನಿಂದ ಪಂಪು ಶುರುವಾಗಿ, ಟ್ಯಾಂಕಿಗೆ ಸಾಯಂಕಾಲದ ನೀರು ಬೀಳತೊಡಗಿತು.

"ಅಪ್ಪಾ," ಅಪೂರ್ವ ಕೆಳಗೆ ಮನೆಯ ಬಾಗಿಲಲ್ಲಿ ಪೆನ್ಸಿಲು ಹಿಡಿದು ನಿಂತಿದ್ದಳು, "ಹತ್ತು ಸಾವಿರ ಲೀಟರ್ ಪಾನಿ ಅಂದ್ರೆ ಎಷ್ಟು ಟನ್?"

"ಹತ್ತು" ಎಂದರು ಸುಬ್ಬರಾಯರು. ಅವರ ಅಂಗಿಯ ಜೇಬಿನಲ್ಲಿ ಮೂರು ವರ್ಷದ ಕರಾರಿನ ಶಾಯಿ ಇನ್ನೂ ಸರಿಯಾಗಿ ಒಣಗಿರಲಿಲ್ಲ.